ಅಟ್ಟದ ಮೇಲಿನ ಚಾಪೆ

ನಾಳೆ ಬೆಳಗ್ಗೆ ಗುಡ್ಡದ ಕಾಟಿಂಗನ ಆರು ವರ್ಷದ ಮಗಳನ್ನು ಕೊಟ್ಟುಬಿಡುತ್ತಾರೆ ಎಂದು ಊರಿಗೆ ಊರೇ ಸಂಭ್ರಮದಲ್ಲಿತ್ತು. ಲೊಮತೇ ಎಂಬ ಆ ದ್ವೀಪದೂರಿನ ಕಡಲ ದಂಡೆಯಲ್ಲಿ ಮೂರು ದಿನದಿಂದ ಹಂದಿ ಕಟ್ಟುವುದೇನು, ಬಾಳೆಲೆ ಹೊರುವುದೇನು, ಚರ್ಚಿನ ಕಿಟಕಿಗೆ ನೀಲಿ ಬಣ್ಣ ಬಳಿಯುವುದೇನು. ನೌನಾಳಿಗೆ ಮಾತ್ರ ಆ ಮೂರು ದಿನವೂ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ.

ಕಥೆ ಎಲ್ಲರಿಗೂ ಬಾಯಿಪಾಠ. ಐದು ತಲೆಮಾರಿನ ಹಿಂದೆ ಮಿಷನ್ ಹಡಗೊಂದು ಸಮೋವಾದಿಂದ ಅಪೇಲಾ ಎಂಬ ಉಪದೇಶಿಯನ್ನೂ ಅವನ ಹೆಂಡತಿಯನ್ನೂ ಈ ದಂಡೆಯಲ್ಲಿ ಇಳಿಸಿ ಹೋಯಿತು. ಬಿಳಿಯ ಪಾದ್ರಿ ಹಡಗಿನ ಮೇಲಿಂದಲೇ ಕೈಬೀಸಿದನಂತೆ. ದಡಕ್ಕಿಳಿದು ಜ್ವರಕ್ಕೂ ಗದೆಗೂ ಎದೆಯೊಡ್ಡುವ ಕೆಲಸ ಆಗೆಲ್ಲ ಬೇರೆ ದ್ವೀಪದ ಕಪ್ಪು ಕಂದು ಜನರ ಪಾಲಿಗೇ ಬರುತ್ತಿತ್ತು. ವರ್ಷ ತುಂಬುವ ಮೊದಲೇ ಅಪೇಲಾನನ್ನು ಗುಡ್ಡದ ದಾರಿಯಲ್ಲಿ ಯಾರೋ ಹೊಡೆದು ಕೊಂದರು. ಯಾರೋ ಏನು ಬಂತು, ಗುಡ್ಡದ ಇಮರುಪಾ ಊರಿನವರೇ ಕೊಂದರು ಎಂದು ಸಂಡೇ ಸ್ಕೂಲಿನಲ್ಲಿ ಹೇಳಿಕೊಡುತ್ತಿದ್ದರು. ಗುಡ್ಡದ ಮಕ್ಕಳೂ ಅದನ್ನೇ ಕಲಿತು, ಮುತ್ತಜ್ಜಂದಿರ ಪಾಪಕ್ಕೆ ತಲೆ ತಗ್ಗಿಸಿಕೊಂಡು ಬೆಳೆಯುತ್ತಿದ್ದವು. ಚರ್ಚಿನಲ್ಲಿ ಆ ಜನಕ್ಕೆ ಕೊನೆಯ ಎರಡು ಬೆಂಚು. ಗಂಟೆಯ ಹಗ್ಗ ಮುಟ್ಟುವಂತಿಲ್ಲ. ಸಭೆಯ ಹಿರಿಯನ ಸ್ಥಾನ ಗುಡ್ಡದ ಒಬ್ಬನಿಗೂ ಸಿಕ್ಕಿದ್ದಿಲ್ಲ. ಅಲ್ಲಿ ಗೆಣಸಿಗೆ ಹುಳು ಬಿದ್ದರೂ, ಬಾಣಂತಿ ಸತ್ತರೂ ದಂಡೆಯವರು "ಉಪದೇಶಿಯ ರಕ್ತ" ಎಂದು ನಿಟ್ಟುಸಿರು ಬಿಡುತ್ತಿದ್ದರು. ನಿಟ್ಟುಸಿರು ಬಿಡುವುದಕ್ಕೆ ಮೈಬಗ್ಗಿಸಬೇಕಿಲ್ಲವಲ್ಲ.

ಈಗ ಅಪೇಲಾನ ವಂಶದವಳೊಬ್ಬಳು ಹುಡುಕಿಕೊಂಡು ಬಂದಿದ್ದಳು. ಆಕೆಯ ಮುಂದೆ ಹಳೆಯ ಪದ್ಧತಿಯಂತೆ ತಪ್ಪು ತೀರಿಸಬೇಕು. ತೆಗೆದ ಜೀವಕ್ಕೆ ಒಂದು ಜೀವ. ಕೊಲ್ಲುವುದಕ್ಕಲ್ಲ, ಸಾಕುವುದಕ್ಕೆ. ಕೊಂದವರ ಮನೆಯ ಮಗು ಸತ್ತವನ ಹೆಸರು ಹೊತ್ತು, ಅವನ ಕಡೆಯವರು ಹೇಳಿದ ಮನೆ ಸೇರಬೇಕು. ಆಮೇಲೆ ಹೆತ್ತವರನ್ನು ಅಪ್ಪ ಅಮ್ಮ ಎನ್ನುವಂತಿಲ್ಲ. ಕಾಟಿಂಗ್ ತನ್ನ ಮಗಳು ಯಾಸುವನ್ನು ಕೊಡಲು ಒಪ್ಪಿದ್ದ. ಅವಳೊಬ್ಬಳು ಹೋದರೆ ಗುಡ್ಡದ ಉಳಿದ ಮಕ್ಕಳಾದರೂ ತಲೆಯೆತ್ತಿ ನಡೆಯಲಿ ಎಂಬುದು ಅವನ ಲೆಕ್ಕ.

ಕೊಂದವರು ಗುಡ್ಡದವರಲ್ಲ ಎಂದು ಇಡೀ ದ್ವೀಪದಲ್ಲಿ ಒಂದೇ ಒಂದು ಜೀವಕ್ಕೆ ಗೊತ್ತಿತ್ತು. ಆ ಜೀವ ನೌನಾ.

ನಲವತ್ತು ವರ್ಷದ ಹಿಂದೆ ಅವಳು ಸೊಸೆಯಾಗಿ ಬಂದದ್ದು ದಂಡೆಯ ಹಿರಿಯರ ಮನೆಗೆ. ಮೊದಲ ಬೆಂಚಿನ ಮನೆ, ಉಪದೇಶಿಗಾಗಿ ಅತ್ತವರ ಮನೆ, ದ್ವೀಪದಲ್ಲಿ ಮೊದಲು ದೀಕ್ಷಾಸ್ನಾನ ಪಡೆದವರ ಮನೆ. ಅತ್ತೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಅಡುಗೆಮನೆಯ ಅಟ್ಟದಿಂದ ಓಲೆಯಲ್ಲಿ ಸುತ್ತಿದ ಗಂಟೊಂದನ್ನು ಇಳಿಸಿದಳು. ಒಳಗೊಂದು ಚಾಪೆ. ಸಮೋವಾದ ಹೆಂಗಸರು ವರ್ಷಗಟ್ಟಲೆ ಕೂತು ಹೆಣೆಯುವ, ಬಟ್ಟೆಗಿಂತ ಮೆತ್ತಗಿನ ಚಾಪೆ. ಅಂಚಿನಲ್ಲಿ ಕೆಂಪು ಗರಿಗಳ ಸಾಲು, ಮಧ್ಯೆ ಅಂಗೈ ಅಗಲದ ಕಪ್ಪು ಕಲೆ. ಅತ್ತೆ ನಿಜ ಹೇಳಿದಳು. ಅಪೇಲಾ ದಂಡೆ ಬಿಟ್ಟು ಗುಡ್ಡದವರಿಗೂ ಪಾಠ ಹೇಳಲು ಹೊರಟಿದ್ದ. ನಮ್ಮ ಉಪದೇಶಿ, ಅವನ ಕೊಡಲಿ, ಅವನ ಮೀನುಗಾಳ, ಎಲ್ಲ ಅವರ ಪಾಲಾಗುವುದೇ ಎಂದು ದಂಡೆಯ ಮುಖಂಡನಿಗೆ ಹೊಟ್ಟೆಯುರಿ. ಗುಡ್ಡದ ಗಡಿ ದಾಟಿದ ಮೇಲೆ ಹಿಂದಿನಿಂದ ಹೊಡೆದ. ಹೆಣ ಬಿದ್ದ ಜಾಗವೇ ಗುಡ್ಡದವರ ಮೇಲೆ ಚಾಡಿ ಹೇಳಿತು. ಹೆಗಲ ಮೇಲಿದ್ದ ಚಾಪೆಯನ್ನು ಮನೆಗೆ ತಂದ. ಆ ಮುಖಂಡನೇ ಈ ಮನೆಯ ಮೂಲಪುರುಷ.

"ವರ್ಷಕ್ಕೊಂದ್ಸಲ ಗಾಳಿಗೆ ಹಾಕು. ಗಂಡಸರಿಗೆ ಹೇಳ್ಬೇಡ, ಸುಟ್ಟುಬಿಡ್ತಾರೆ. ನಿನ್ನ ಸೊಸೆ ಬಂದಾಗ ಅವಳಿಗೆ ಕೊಡು," ಎಂದಿದ್ದಳು ಅತ್ತೆ.

ಸೊಸೆ ಬಂದಳು, ಮಗು ಹೆತ್ತು ಮೂರನೇ ವರ್ಷಕ್ಕೆ ಜ್ವರದಲ್ಲಿ ಹೋದಳು. ಗುಟ್ಟು ನೌನಾಳ ಕೊರಳಿಗೇ ಉಳಿಯಿತು. ಸೊಸೆಯ ಮಗಳು ನೇಪಿಯೂ ಅವಳ ಮಗ್ಗುಲಿಗೇ ಉಳಿದಳು. ನೇಪಿಗೂ ಆರು ವರ್ಷ. ನಿಜ ಹೊರಬಿದ್ದರೆ ನಾಳೆ ಕೊಡಬೇಕಾದ ಮಗು ಯಾಸು ಅಲ್ಲ, ನೇಪಿ. ತುತ್ತು ಇಳಿಯದಿದ್ದುದು ಇದಕ್ಕೆ.

ಕೊಡುವ ಮುನ್ನಾದಿನದ ಮಧ್ಯಾಹ್ನ ಅತಿಥಿಯ ಬಟ್ಟೆ ಒಗೆದುಕೊಡಲು ನೌನಾ ಹೊಳೆಗೆ ಹೋದರೆ, ಅತಿಥಿ ತಾನೇ ಬಂದು ಕಲ್ಲಿನ ಮೇಲೆ ಕೂತಿದ್ದಳು. ಮಸೀನಾ ಎಂದು ಹೆಸರು. ಎಪ್ಪತ್ತರ ಹತ್ತಿರದ ದಪ್ಪ ಹೆಂಗಸು. ಪೋರ್ಟ್ ವಿಲಾ ಪಟ್ಟಣದ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದವಳು, ಹಾಗಾಗಿ ಇಲ್ಲಿಯ ಮಾತು ಸರಾಗ.

"ಕೊಡು ಇಲ್ಲಿ ನನ್ನ ಲಂಗ. ಎಷ್ಟೊಂದು ಉಪಚಾರ ಮಾಡ್ತೀರ ತಂಗಿ, ನನಗೆ ಭಯ ಆಗತ್ತೆ," ಎಂದಳು.

"ನೀವು ನಮ್ಮ ಉಪದೇಶಿ ಮನೆಯೋರು ಅಕ್ಕ."

"ಉಪದೇಶಿ ಅಂತ ನೀವಂತೀರ. ನಮ್ಮ ಮನೇಲಿ ಅವನನ್ನ ಚಾಪೆ ಕಳ್ಳ ಅಂತಾರೆ." ಮಸೀನಾ ಹೊಟ್ಟೆ ಕುಲುಕಿಸಿ ನಕ್ಕಳು. "ಹೆಂಡತಿ ತವರಿಂದ ತಂದ ಮದುವೆ ಚಾಪೆ. ಕೆಂಪು ಗರಿದು. ಗುಡ್ಡದವರ ಹತ್ರ ಬರಿಗೈಲಿ ಹೋಗೋದು ಹೇಗೆ ಅಂತ ಅವಳನ್ನ ಕೇಳ್ದೇನೇ ಹೆಗಲ ಮೇಲೆ ಹಾಕ್ಕೊಂಡು ಹೊರಟನಂತೆ. ಅವಳು ಬಾಗಿಲಲ್ಲಿ ನಿಂತು ಬೈದಳು. ಕೊನೇ ಮಾತು ಬೈಗುಳ ಆಯ್ತಲ್ಲ ಅಂತ ಸಾಯೋವರೆಗೂ ಅತ್ತಳು. ಆಗ ಹೊಟ್ಟೇಲಿ ನಮ್ಮಜ್ಜಿಯ ಅಜ್ಜಿ."

ನೌನಾಳ ಕೈ ನೀರಿನಲ್ಲೇ ನಿಂತಿತು. ಸಾಬೂನು ಜಾರಿಕೊಂಡು ಹೋದದ್ದು ಕಂಡರೂ ಹಿಡಿಯಲಿಲ್ಲ.

"ನಿನ್ನೆ ಕಾಟಿಂಗನ ತಾಯಿನ ಕೇಳಿದೆ, ಆ ಚಾಪೆ ಏನಾಯ್ತು ಅಂತ. ಅಂಥದ್ದು ನಾವು ಕಣ್ಣಲ್ಲೇ ನೋಡಿಲ್ಲ ಅಂದಳು. ಸುಟ್ಟಿರಬೇಕು ಪಾಪ, ಹೆದರಿ."

"ನಾಳೆ... ಮಗೂನ ಕರ್ಕೊಂಡು ಹೋಗ್ತೀರಾ ಅಕ್ಕ?"

"ನಾನು ಕೇಳಿದ್ದಲ್ಲವ್ವ. ಒಲ್ಲೆ ಅಂದ್ರೆ ಕ್ಷಮಿಸಲಿಲ್ಲ ಅಂತ ಅರ್ಥವಂತೆ, ನಿಮ್ಮ ಹಿರೀಕರು ಹೇಳಿದ್ರು. ನಮ್ಮಲ್ಲಿ ಬೇರೆ ಥರ. ತಪ್ಪು ಮಾಡಿದ ಮನೆಯೋರು ಒಳ್ಳೇ ಚಾಪೆ ತಲೆ ಮೇಲಿಂದ ಹೊದ್ದುಕೊಂಡು ನೊಂದವರ ಅಂಗಳದಲ್ಲಿ ಕೂತ್ಬಿಡ್ತಾರೆ. ಬಾಯಿ ಬಿಡೋ ಹಾಗಿಲ್ಲ. ಬಿಸಿಲಿಗೂ ಅಲ್ಲಾಡೋ ಹಾಗಿಲ್ಲ. ನೊಂದವರು ಬಂದು ಚಾಪೆ ಎತ್ತಿದ್ರೆ ಕ್ಷಮಿಸಿದ್ರು ಅಂತ."

"ಎತ್ತದೇ ಇದ್ರೆ?"

"ಹಿಂದೆ ಕಲ್ಲಲ್ಲಿ ಹೊಡೀತಿದ್ರು." ಮಸೀನಾ ಲಂಗವನ್ನು ಹಿಂಡಿದಳು. "ಈಗ ಬಿಡು, ಎಲ್ಲ ಕ್ರಿಸ್ತನ ಮಕ್ಕಳು. ಆದ್ರೂ ಕೂತವನಿಗೆ ಅದು ಗೊತ್ತಿರತ್ತೆ."

ಸಂಜೆ ನೌನಾ ಮಗನನ್ನು ಅಡುಗೆಮನೆಗೆ ಕರೆದಳು. ಮಗ ನಿಕಾವು ಸಭೆಯ ಹಿರಿಯ. ನಾಳೆ ಗುಡ್ಡದವರ ಕೈಯಿಂದ ಮಗುವನ್ನು ಪಡೆದು ಅತಿಥಿಗೆ ಒಪ್ಪಿಸುವವನು ಅವನೇ. ಕೋಟು ಹಾಕಿ ಅಳತೆ ನೋಡುತ್ತಿದ್ದವನು ಹಾಗೇ ಬಂದ. ಅವಳು ಗಂಟು ಬಿಚ್ಚಿ, ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಅವನು ಕಲೆಯನ್ನು ನೋಡಿದ, ತಾಯಿಯನ್ನು ನೋಡಿದ, ಒಲೆಯ ಕಡೆ ನೋಡಿದ.

"ಕೊಡಮ್ಮ ಇಲ್ಲಿ."

"ಯಾಕೆ?"

"ಕೊಡು ಅಂದೆ."

ನೌನಾ ಚಾಪೆಯನ್ನು ಮಡಚಿ ಕೆಳಗಿಟ್ಟು ಅದರ ಮೇಲೆ ಕೂತಳು. "ಸುಡೋದಾದ್ರೆ ನನ್ನ ಸಮೇತ ಸುಡು."

ನಿಕಾವು ಕೂಗಾಡುವ ಜಾತಿಯಲ್ಲ. ಪ್ರಾರ್ಥನೆ ಹೇಳುವ ಅದೇ ತಗ್ಗು ದನಿಯಲ್ಲಿ ಕೇಳಿದ. "ನೇಪಿನ ಕೊಡ್ತೀಯಾ? ನಿನ್ನ ಬಾಯಿಂದ ಹೇಳು. ನೇಪಿನ ಕೊಡ್ತೀನಿ ಅಂತ ಒಂದ್ಸಲ ಹೇಳು, ನೋಡೋಣ."

ಅವಳ ಬಾಯಿಂದ ಅದು ಹೊರಡಲಿಲ್ಲ.

"ನೋಡಿದ್ಯಾ. ಕಾಟಿಂಗ್ ಒಪ್ಪಿದಾನೆ. ಅವನಿಗೂ ಸಮಾಧಾನ, ಬಂದವರಿಗೂ ಸಮಾಧಾನ. ಯಾವನೋ ಸತ್ತು ಮಣ್ಣಾಗಿ ಕಾಲ ಆಯ್ತು. ನೀನು ನಾಳೆ ಅಂಗಳದ ಕಡೆ ತಲೆ ಹಾಕ್ಬೇಡ. ತಲೆನೋವು ಅಂತ ಹೇಳ್ತೀನಿ."

ಅವನು ಹೋದಮೇಲೆ ನೇಪಿ ಬಂದು, ಅಜ್ಜಿ ಯಾಕೆ ನೆಲದ ಮೇಲೆ ಕೂತಿದ್ದಾಳೆ ಎಂದು ಕೂಡ ಕೇಳದೆ, ತೊಡೆಯ ಮೇಲೆ ಬಿದ್ದು ಬೆನ್ನು ಒಡ್ಡಿತು. ನೌನಾ ತಟ್ಟಿದಳು. ಮಗ ಹೇಳಿದ್ದರಲ್ಲಿ ತಪ್ಪೇನು ಎಂದು ಆ ಗಳಿಗೆಯಲ್ಲಿ ಅವಳಿಗೆ ನಿಜಕ್ಕೂ ಅನಿಸಿತು. ನಿಜ ಹೇಳಿ ಏನು ಪ್ರಯೋಜನ, ಅನಿಸಿತು. ಸುಮ್ಮನಿರುವುದು ಎಷ್ಟು ಸುಲಭ. ನಲವತ್ತು ವರ್ಷದ ಅಭ್ಯಾಸ. ಚಾಪೆಯನ್ನು ಮತ್ತೆ ಅಟ್ಟಕ್ಕೇರಿಸಿದಳು.

ಬೆಳಗ್ಗೆ ಶಂಖ ಊದಿದರು. ಆಲದ ಮರದ ಅಂಗಳ ಗಂಡಸರದ್ದು. ಅಲ್ಲಿ ಕಾವಾ ಎಂಬ ಅಮಲಿನ ಬೇರು ಜಗಿದು ರಸ ಕುಡಿಯುತ್ತಾರೆ, ಜಗಳ ತೀರಿಸುತ್ತಾರೆ. ಇಂಥ ದೊಡ್ಡ ದಿನಗಳಲ್ಲಿ ಹೆಂಗಸರು ಬೇಲಿಯಾಚೆ ಕೂತು ನೋಡಬಹುದು. ಅಂಗಳಕ್ಕೆ ಕಾಲಿಡುವಂತಿಲ್ಲ, ಅಲ್ಲಿ ಹೆಂಗಸಿನ ದನಿ ಕೇಳುವಂತಿಲ್ಲ. ಅತಿಥಿ ಎಂಬ ಕಾರಣಕ್ಕೆ ಮಸೀನಾಳಿಗೊಬ್ಬಳಿಗೆ ನಡುವೆ ಮರದ ಕುರ್ಚಿ ಹಾಕಿದ್ದರು.

ನೌನಾ ಅಡುಗೆಮನೆಯ ಕಿಂಡಿಯಿಂದ ಗುಡ್ಡದವರು ಇಳಿದು ಬರುವುದನ್ನು ನೋಡಿದಳು. ಮುಂದೆ ಕಾಟಿಂಗ್, ಹೆಗಲ ಮೇಲೆ ಗೆಣಸಿನ ಹೊರೆ. ಹಿಂದೆ ಅವನ ತಾಯಿ ಯಾಪೆನ್, ಕೈಯಲ್ಲಿ ಯಾಸುವಿನ ಕೈ. ಮಗುವಿಗೆ ಹೊಸ ಫ್ರಾಕು ಹಾಕಿ ಕೆನ್ನೆಗೆ ಕೆಂಪು ಮಣ್ಣು ಬಳಿದಿದ್ದರು. ಮಗು ಕುಣಿಯುತ್ತಾ ಬರುತ್ತಿತ್ತು. ಕಿಂಡಿಯ ಹತ್ತಿರ ಬಂದಾಗ ಯಾಪೆನ್ ನಿಂತು, ಮಗುವಿನ ಫ್ರಾಕಿನ ಹಿಂದಿನ ಗುಂಡಿ ಹಾಕಿದಳು. ಬಿಚ್ಚಿದಳು. ಮತ್ತೆ ಹಾಕಿದಳು. ಮೂರು ಸಲ ಹಾಗೆ ಮಾಡಿದಳು, ಕೈಬಿಟ್ಟು ಹೊರಡಲಾರದೆ.

ನೌನಾ ಅಟ್ಟಕ್ಕೆ ಏಣಿ ಹಾಕಿದಳು.

ಹೊರಗೆ ಬರುವಾಗ ನೇಪಿ ಬಾಗಿಲಲ್ಲಿ ಕೂತು ಸುಟ್ಟ ಬಾಳೆಕಾಯಿ ತಿನ್ನುತ್ತಿತ್ತು. "ಅಜ್ಜೀ, ಎಲ್ಲಿಗೆ?"

"ಬಾ, ನೀನೂ ಬಾ," ಎಂದಳು ನೌನಾ. ಮಗುವಿನ ಕೈ ಹಿಡಿದಳು.

ಅಂಗಳದಲ್ಲಿ ಈಗಿನ ಮುಖಂಡ ನಸ್ಸೆ ಗದೆ ಊರಿಕೊಂಡು ಮಾತು ಶುರು ಮಾಡಿದ್ದ. ಕಾಟಿಂಗ್ ಯಾಸುವನ್ನು ಮುಂದೆ ನಿಲ್ಲಿಸಿದ್ದ. ನಿಕಾವು ಕೋಟಿನ ಗುಂಡಿ ಹಾಕಿಕೊಂಡು ಕೈಚಾಚಿದ್ದ. ಆಗ ಬೇಲಿಯ ಹೆಂಗಸರಲ್ಲಿ ಗುಸುಗುಸು ಎದ್ದಿತು. ನೌನಾ ನೇಪಿಯನ್ನು ಬೇಲಿಯ ಹತ್ತಿರ ಬಿಟ್ಟಳು. ಚಾಪೆಯನ್ನು ತಲೆಯ ಮೇಲಿಂದ ಹೊದ್ದಳು. ಅಂಗಳಕ್ಕೆ ಕಾಲಿಟ್ಟು, ಮಣ್ಣು ನೋಡಿಕೊಂಡು ನಡೆದು, ಮರದ ಕುರ್ಚಿಯ ಕಾಲು ಕಂಡ ಕಡೆ ಮಂಡಿಯೂರಿ ಕೂತಳು.

ಚಾಪೆಯೊಳಗೆ ಹಳೆಯ ಹೊಗೆಯ ವಾಸನೆ. ಹೆಣಿಗೆಯ ಸಂದಿನಿಂದ ಸೂಜಿಮೊನೆಯಷ್ಟು ಬೆಳಕು. ಉಳಿದದ್ದೆಲ್ಲ ಕಿವಿಯಲ್ಲೇ ಕೇಳಬೇಕು.

"ಯಾರದು? ಹೆಂಗಸಾ?" ನಸ್ಸೆಯ ದನಿ. "ಎಬ್ಬಿಸ್ರೋ ಅವಳನ್ನ."

"ನಮ್ಮಮ್ಮ," ಎಂದ ನಿಕಾವು. "ಹುಷಾರಿಲ್ಲ. ನಾನು ಕರ್ಕೊಂಡು ಹೋಗ್ತೀನಿ. ಅಮ್ಮ, ನಿನಗಿಲ್ಲಿ ಮಾತಿಲ್ಲ, ಏಳು."

"ಅವರು ಮಾತಾಡ್ಲಿಲ್ವಲ್ಲ," ಎಂದಳು ಮಸೀನಾ. "ನಮ್ಮಲ್ಲಿ ತಪ್ಪು ಮಾಡಿದ ಮನೆಯೋರು ಹೀಗೇ ಕೂರ್ತಾರೆ, ನೊಂದವರು ಕ್ಷಮಿಸಿ ಚಾಪೆ ಎತ್ತೋವರೆಗೆ."

ಕುರ್ಚಿ ಕಿರುಗುಟ್ಟಿತು. ಭಾರವಾದ ಹೆಜ್ಜೆ ಹತ್ತಿರ ಬಂತು. ಚಾಪೆಯ ಅಂಚಿನ ಗರಿಗಳ ಮೇಲೆ ಬೆರಳು ಓಡಾಡಿದ್ದು ನೌನಾಳ ನೆತ್ತಿಗೆ ತಿಳಿಯಿತು. ಬೆರಳು ಬೆನ್ನಿನ ಕಲೆಯ ಹತ್ತಿರ ಬಂದು ನಿಂತಿತು. ಎಷ್ಟೋ ಹೊತ್ತು ಅಲ್ಲೇ ಇತ್ತು. ಅಂಗಳದಲ್ಲಿ ಕಟ್ಟಿದ ಹಂದಿ ಗುರುಗುಟ್ಟಿತು.

"ಇದು ನಿಮ್ಮ ಮನೇಲಿ ಇತ್ತಾ?" ಮಸೀನಾ ಕೇಳಿದ್ದು ನಿಕಾವುವನ್ನು.

"ಅದು... ಉಪದೇಶಿ ಹೆಂಡತಿ ಕೊಟ್ಟಿದ್ದು. ವಿಧವೆ ಆದಾಗ ನಮ್ಮವರು ಗೆಣಸು ಕೊಟ್ಟು ಸಾಕಿದ್ರು. ಆ ಉಪಕಾರಕ್ಕೆ ಕೊಟ್ರು."

"ಅವಳ ಹತ್ರ ಅದು ಇರಲಿಲ್ಲಪ್ಪ. ಅವತ್ತು ಬೆಳಗ್ಗೆ ಅವನ ಹೆಗಲ ಮೇಲೆ ಹೋಯ್ತು. ಅವನನ್ನ ಹೊಡೆದವನ ಕೈಗೆ ಬಿಟ್ಟು ಬೇರೆ ಯಾರಿಗೆ ಸಿಗತ್ತೆ? ಕೊಟ್ಟಿದ್ದಾಗಿದ್ರೆ ನಿಮ್ಮ ಮದುವೆಗಳಲ್ಲಿ ಬಿಚ್ಚಿ ಹಾಸ್ತಿದ್ರಿ. ಬಚ್ಚಿಟ್ಟಿದ್ಯಾಕೆ?"

ನಿಕಾವು ಒಂದು ಹೆಜ್ಜೆ ಹಿಂದೆ ಸರಿದದ್ದು ಕೇಳಿಸಿತು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನು ಹಾಗೆ ಹಿಂದೆ ಸರಿದಾಗ ಎದ್ದು ಅವನ ಕೈ ಹಿಡಿಯಬೇಕೆನಿಸಿತು ನೌನಾಳಿಗೆ. ಆದರೂ ಏಳಲಿಲ್ಲ.

ಬೇಲಿಯಾಚೆಯ ಗುಸುಗುಸು ದೊಡ್ಡದಾಯಿತು. ಗುಡ್ಡದವರ ಕಡೆಯಿಂದ ಯಾರೋ ಬೈದರು, ಯಾರದೋ ಊರುಗೋಲು ನೆಲಕ್ಕೆ ಬಡಿಯಿತು. ಕಾಟಿಂಗನ ದನಿ ಎಲ್ಲದರ ಮೇಲೆ ಎದ್ದಿತು.

"ನಮ್ಮಪ್ಪ ಸಾಯೋ ದಿನಾನೂ ಕ್ಷಮೆ ಕೇಳ್ತಿದ್ದ. ಮಾಡದ ತಪ್ಪಿಗೆ. ನನ್ನ ಕೈಲಿ ಮಗಳನ್ನ ಇಲ್ಲಿಗೆ ಕರೆಸಿದ್ರಲ್ಲ ನೀವು. ಅವಳಿಗೆ ಫ್ರಾಕು ನಾನೇ ತಂದೆ. ಬಣ್ಣ ಅವಳೇ ಆರಿಸಿದ್ಲು."

ನಸ್ಸೆಯ ಗದೆ ನೆಲ ಕುಟ್ಟಿತು.

"ಮಸೀನಮ್ಮ, ಎತ್ತೋದಾದ್ರೆ ಎತ್ತಿ. ಬಿಸಿಲು ಏರ್ತಾ ಇದೆ," ಎಂದ ನಸ್ಸೆ.

"ನನ್ನ ಕೈಲಿ ಎತ್ತೋ ಚಾಪೆ ಅಲ್ಲ ಇದು," ಎಂದಳು ಮಸೀನಾ. "ನಮ್ಮ ಮನೇಲಿ ಸತ್ತವನು ಒಬ್ಬ. ಅವನಿಗೆ ನಾವು ಅತ್ತಿದ್ದೂ ಆಯ್ತು, ಮರೆತಿದ್ದೂ ಆಯ್ತು. ಇಷ್ಟು ದಿನ ದಿನಾ ಪೆಟ್ಟು ತಿಂದವರು ಅಲ್ಲಿ ನಿಂತಿದ್ದಾರೆ. ಈ ಚಾಪೆ ಹೊರಟಿದ್ದೂ ಅವರ ಮನೆಗೇ. ಅವರೇ ಎತ್ತಲಿ, ಇಲ್ಲಾ ಬಿಡಲಿ."

ಕುರ್ಚಿ ಮತ್ತೆ ಕಿರುಗುಟ್ಟಿತು.

ನೌನಾ ಕಾದಳು. ಮಂಡಿ ಮರಗಟ್ಟಿತು. ಬೆವರು ಕಣ್ಣಿಗಿಳಿದು ಉರಿಯಿತು, ಒರೆಸಿಕೊಳ್ಳಲಿಲ್ಲ. ಒಂದು ಸಲ ಹೆಜ್ಜೆ ಹತ್ತಿರ ಬಂದು ತಿರುಗಿ ಹೋಯಿತು, ಕಾಟಿಂಗನದ್ದಿರಬೇಕು. ಕಲ್ಲು ಬಿದ್ದರೆ ಬೀಳಲಿ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಬಿದ್ದಿದ್ದರೆ ಹಗುರವೇ ಆಗುತ್ತಿತ್ತು. ಬೇಲಿಯ ಹತ್ತಿರ ನೇಪಿ "ಅಜ್ಜೀ" ಎಂದು ಕರೆಯಿತು, ಯಾರೋ ಸುಮ್ಮನಿರಿಸಿದರು. ಮತ್ತೆ ಕರೆಯಿತು.

ಕೊನೆಗೆ ಇನ್ನೊಂದು ಹೆಜ್ಜೆ ಕೇಳಿಸಿತು. ಸಣ್ಣ, ಎಳೆಯುವ ಹೆಜ್ಜೆ. ಹೆಂಗಸೊಬ್ಬಳು ಅಂಗಳಕ್ಕೆ ಕಾಲಿಟ್ಟಿದ್ದಳು. "ಅಮ್ಮ, ಬೇಡ," ಎಂದ ಕಾಟಿಂಗ್. ಹೆಜ್ಜೆ ನಿಲ್ಲಲಿಲ್ಲ.

ಬೆಳಕು ಒಮ್ಮೆಲೇ ಕಣ್ಣಿಗೆ ಹೊಡೆಯಿತು. ಮುಂದೆ ಯಾಪೆನ್ ನಿಂತಿದ್ದಳು, ಚಾಪೆಯ ಎರಡು ಮೂಲೆ ಹಿಡಿದು. ಮುಖದಲ್ಲಿ ಕರುಣೆ ಏನೂ ಇರಲಿಲ್ಲ. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿದರು. ಯಾಪೆನ್ ಚಾಪೆಯನ್ನು ನಾಲ್ಕು ಮಡಿಕೆ ಮಡಚಿ, ತನ್ನ ಕಂಕುಳಲ್ಲಿಟ್ಟುಕೊಂಡಳು.

ನಸ್ಸೆ ಗಂಟಲು ಸರಿಮಾಡಿಕೊಂಡ. "ಎತ್ತಿದ್ದಾಯ್ತು. ಆದ್ರೆ ಪದ್ಧತಿ ಪದ್ಧತಿನೇ. ಮಗು ಕೈ ಬದಲಾಗ್ಬೇಕು. ಯಾವ ಮನೆದು ಅನ್ನೋದು ಮಾತ್ರ ಬೇರೆ ಆಗಿದೆ."

ಎಲ್ಲರ ಕಣ್ಣೂ ಬೇಲಿಯ ಕಡೆ ತಿರುಗಿತು. ನೇಪಿಯ ಬಾಯಿಯ ಸುತ್ತ ಇನ್ನೂ ಬಾಳೆಕಾಯಿಯ ಮಸಿ. ನಿಕಾವು ಹೋಗಿ ಮಗುವನ್ನು ಎತ್ತಿಕೊಂಡ. ಓಡಿಬಿಡುತ್ತಾನೇನೋ ಎಂದು ಒಂದು ಗಳಿಗೆ ಎಲ್ಲರಿಗೂ ಅನಿಸಿತು. ಅವನು ಕೋಟಿನ ತೋಳಿನಿಂದ ಅದರ ಬಾಯಿ ಒರೆಸಿದ. ಎತ್ತಿಕೊಂಡೇ ಬಂದು ಮಸೀನಾಳ ಮುಂದೆ ನಿಂತ. ತಾಯಿಯ ಕಡೆ ನೋಡಲೇ ಇಲ್ಲ.

"ನನಗೆ ಎಪ್ಪತ್ತಾಗ್ತಾ ಬಂತು. ಸಮುದ್ರ ದಾಟಿಸಿ ಇದನ್ನ ಎಲ್ಲಿ ಸಾಕಲಿ?" ಎಂದಳು ಮಸೀನಾ. "ಅಪೇಲಾ ಗುಡ್ಡಕ್ಕೆ ಹೊರಟವನು, ತಲುಪಲಿಲ್ಲ. ಅವನ ಹೆಸರು ಇವಳಿಗಿಡಿ. ಇವಳು ತಲುಪಲಿ."

ನಿಕಾವು ಮಗುವನ್ನು ಕೆಳಗಿಳಿಸಿದ. ಕಾಟಿಂಗ್ ಬೇರೆ ಕಡೆ ನೋಡುತ್ತಿದ್ದ. ಅವನ ಕೈ ಯಾಸುವಿನ ತಲೆಯ ಮೇಲಿತ್ತು, ಅಲ್ಲಿಂದ ತೆಗೆಯುವ ಹಾಗೆ ಕಾಣಲಿಲ್ಲ. ಯಾಪೆನ್ ಬಗ್ಗಿ ನೇಪಿಯ ಕೈ ಹಿಡಿದಳು. ಚಾಪೆ ಕಂಕುಳಲ್ಲಿ, ಮಗು ಕೈಯಲ್ಲಿ, ಗುಡ್ಡದ ದಾರಿ ಹಿಡಿದು ನಾಲ್ಕು ಹೆಜ್ಜೆ ಹೋದವಳು ನಿಂತಳು. ಇಷ್ಟು ವರ್ಷ ಅವಳು ನೌನಾಳನ್ನು ಕರೆಯುತ್ತಿದ್ದುದು ಹಿರಿಯರ ಮನೆಯಮ್ಮ ಎಂದು, ಅದೂ ತಲೆ ತಗ್ಗಿಸಿ.

"ನೌನಾ," ಎಂದಳು ತಿರುಗಿ. "ರಾತ್ರಿ ಇದು ಹೇಗೆ ಮಲಗತ್ತೆ? ಹಾಡು ಬೇಕಾ?"

ನೌನಾ ನೆಲದ ಮೇಲೇ ಕೂತಿದ್ದಳು. ಗಂಡಸರ ಅಂಗಳವದು, ಹೆಂಗಸು ಬಾಯಿ ಬಿಡಬಾರದ ಜಾಗ. ನಸ್ಸೆ ಗದೆಯ ಮೇಲೆ ಗದ್ದವಿಟ್ಟು ಸುಮ್ಮನಿದ್ದ.

"ಹಾಡು ಬೇಡ," ಎಂದಳು. "ಬೆನ್ನು ತಟ್ಟು. ನಿದ್ದೆ ಬಂದ ಮೇಲೂ ಸ್ವಲ್ಪ ಹೊತ್ತು ತಟ್ಟು. ಬೇಗ ನಿಲ್ಲಿಸಿದ್ರೆ ಎದ್ದುಬಿಡ್ತಾಳೆ."